ಶಿಷ್ಯವತ್ಸಲ ವೈದ್ಯಗುರು ಸರ್ ವಿಲಿಯಂ ಆಸ್ಲರ್

ಶ್ರೀಮಠದ ಮಹೋತ್ಸವದ ಶುಭಸಂದರ್ಭದಲ್ಲಿ ಹೊರಬರುತ್ತಿರುವ ಈ ಸ್ಮಾರಕ ಸಂಪುಟದಲ್ಲಿ ಸಮುದ್ರಗಳಾಚೆಯ ಒಬ್ಬ ವೈದ್ಯರ ಚರಿತ್ರೆಯೇಕೆಂದು ಸದ್ಭಕ್ತರಲ್ಲಿ ಕೆಲವರಿಗಾದರೂ ಸಂದೇಹ ತೋರಬಹುದು. ಸಂದೇಹವು ಯುಕ್ತವಾದುದೇ. ಆದರೆ ಅಷ್ಟಾವರಣಗಳನ್ನು ಎಣಿಸುವಾಗ ಗುರುವನ್ನು ಮೊದಲು ಎಣಿಸುವ ಧರ್ಮ ನಮ್ಮದು. ದೀಕ್ಷೆಯ ಕಾಲದಲ್ಲಿ ಗುರುವು ಇಷ್ಟಲಿಂಗವನ್ನು ತನ್ನಲ್ಲಿಯೇ ಇರಿಸಿಕೊಂಡು ಶಿಷ್ಯನಿಗೆ ದೂರದಿಂದ ತೋರಿಸುವುದಿಲ್ಲ. ಅದನ್ನು ಶಿಷ್ಯನ ಅಂಗೈಯಲ್ಲಿಯೇ ಇಟ್ಟು, ಇನ್ನು ಮುಂದೆ ಇದರ ಭಾರವು ನಿನ್ನದೆಂದು ಒಪ್ಪಿಸುತ್ತಾನೆ. ಒಪ್ಪಿಸಿದ ಮೇಲೆ ಕೈಬಿಟ್ಟು ಹೋಗುವುದೂ ಇಲ್ಲ. ಹೀಗೆ ಭಾರವನ್ನು ಕೊಡುವುದು, ಕೊಟ್ಟೂ ಬೆನ್ನ ಹಿಂದೆ ನಿಂತಿರುವುದು, ಇವೆರಡೂ ಸೇರಿದಾಗಲೇ ಗುರುತ್ವವು ಪೂರ್ಣವಾಗುವುದು. ವೈದ್ಯವಿದ್ಯೆಯ ಕ್ಷೇತ್ರದಲ್ಲಿ ಈ ಗುರುತ್ವವನ್ನು ತಮ್ಮ ನಡೆಯಿಂದ ತೋರಿಸಿದವರು ಸರ್ ವಿಲಿಯಂ ಆಸ್ಲರ್ ಅವರು. ಶರಣರ ಸಮೂಹದಲ್ಲಿ ಹನ್ನೆರಡನೆಯ ಶತಮಾನದಲ್ಲಿಯೇ ವೈದ್ಯ ಸಂಗಣ್ಣನಂತಹ ವೈದ್ಯಕಾಯಕದವರು ಇದ್ದರು. ಇಂದು ನಮ್ಮ ನಾಡಿನ ಕೆಲವು ಮಠಗಳ ಆಶ್ರಯದಲ್ಲಿ ವೈದ್ಯಕೀಯ ಕಾಲೇಜುಗಳೂ ಆಸ್ಪತ್ರೆಗಳೂ ನಡೆಯುತ್ತಿವೆ. ಭಕ್ತರ ಮಕ್ಕಳು ಅಲ್ಲಿ ಕಲಿಯುತ್ತಿದ್ದಾರೆ, ಭಕ್ತರೇ ಅಲ್ಲಿ ರೋಗಿಗಳಾಗಿ ಮಲಗುತ್ತಿದ್ದಾರೆ. ಆದಕಾರಣ ಕಲಿಯುವ ವೈದ್ಯನಿಗೆ ಒಳ್ಳೆಯ ಗುರುವೆಂದರೆ ಯಾರು ಎಂಬ ಪ್ರಶ್ನೆಯು ನಮಗೆ ಹೊರಗಿನದಲ್ಲ.

ವಿಲಿಯಂ ಆಸ್ಲರ್ ೧೮೪೯ನೆಯ ಇಸವಿ ಜುಲೈ ೧೨ರಂದು ಕೆನಡಾ ದೇಶದ ಬಾಂಡ್ ಹೆಡ್ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ತಂದೆ ಫೆದರ್‌ಸ್ಟೋನ್ ಆಸ್ಲರ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದ ಕ್ರೈಸ್ತ ಪಾದ್ರಿ. ಮೊದಲು ನೌಕಾಪಡೆಯಲ್ಲಿದ್ದವನು, ಬಳಿಕ ಕಾಡು ಕಡಿದು ಹೊಸದಾಗಿ ನೆಲೆಗೊಳ್ಳುತ್ತಿದ್ದ ಜನರ ನಡುವೆ ಧರ್ಮಕಾರ್ಯ ಮಾಡಲು ಬಂದವನು. ಮನೆಯ ತುಂಬ ಮಕ್ಕಳು. ಗಂಡುಮಕ್ಕಳಲ್ಲಿ ವಿಲಿಯಂನೇ ಕಿರಿಯವನು. ಬಾಲ್ಯದಲ್ಲಿ ಆತನ ತುಂಟತನಕ್ಕೆ ಮಿತಿಯಿರಲಿಲ್ಲ. ಒಂದು ಶಾಲೆಯಿಂದ ಆತನನ್ನು ಹೊರಗೆ ಹಾಕಿದ್ದೂ ಉಂಟು. ಮುಂದೆ ಜಗತ್ತಿನ ವೈದ್ಯರಿಗೆಲ್ಲ ಗುರುವೆನಿಸುವ ಹುಡುಗನು ಹೀಗೆ ಶಾಲೆಗೆ ಬೇಡವಾದವನಾಗಿದ್ದನೆಂಬುದನ್ನು ಮಕ್ಕಳನ್ನು ತಿದ್ದುವವರು ಮರೆಯಬಾರದು.

ಆಸ್ಲರನ ಭಾಗ್ಯವೆಂದರೆ ಆತನಿಗೆ ಒಬ್ಬರ ಹಿಂದೊಬ್ಬರು ಮೂವರು ಗುರುಗಳು ದೊರೆತದ್ದು. ಮೊದಲನೆಯವರು ವೆಸ್ಟನ್ ಎಂಬಲ್ಲಿಯ ಶಾಲೆಯ ಮುಖ್ಯಸ್ಥರಾಗಿದ್ದ ವಿಲಿಯಂ ಜಾನ್ಸನ್ ಎಂಬ ಪಾದ್ರಿ. ಅವರು ಹುಡುಗರನ್ನು ಹಳ್ಳಕೊಳ್ಳಗಳಿಗೆ ಕರೆದುಕೊಂಡು ಹೋಗಿ ನೀರಿನ ಪಾಚಿಯನ್ನೂ ಕಲ್ಲಿನಲ್ಲಿ ಅಚ್ಚೊತ್ತಿದ ಪ್ರಾಚೀನ ಜೀವಿಗಳ ಗುರುತುಗಳನ್ನೂ ಆಯಿಸುತ್ತಿದ್ದರು. ಮನೆಗೆ ಬಂದ ಮೇಲೆ ಸೂಕ್ಷ್ಮದರ್ಶಕ ಯಂತ್ರದಲ್ಲಿ ಅವನ್ನು ತೋರಿಸುತ್ತಿದ್ದರು. ಎರಡನೆಯವರು ಟೊರಾಂಟೊ ನಗರದ ವೈದ್ಯ ಜೇಮ್ಸ್ ಬೊವೆಲ್. ತಂದೆಯಂತೆ ಪಾದ್ರಿಯಾಗಬೇಕೆಂದು ೧೮೬೭ರಲ್ಲಿ ಕಾಲೇಜು ಸೇರಿದ ಆಸ್ಲರನು ಮರುವರ್ಷವೇ ವೈದ್ಯವಿದ್ಯೆಗೆ ತಿರುಗಿದನು. ಬೊವೆಲ್ ಆತನಿಗೆ ತಮ್ಮ ಪುಸ್ತಕ ಭಂಡಾರವನ್ನೇ ತೆರೆದುಕೊಟ್ಟರು. ಮೂರನೆಯವರು ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಪಾಮರ್ ಹೊವರ್ಡ್. ಇವರ ಕೈಯಲ್ಲಿ ಕಲಿತು ಆಸ್ಲರನು ೧೮೭೨ರಲ್ಲಿ ವೈದ್ಯಪದವಿಯನ್ನು ಪಡೆದನು.

ಈ ಮೂವರ ಋಣವನ್ನು ಆತನು ಜೀವಮಾನಪರ್ಯಂತ ಮರೆಯಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ ತಾನು ಬರೆದ ಮಹಾಗ್ರಂಥವನ್ನು ಈ ಮೂವರಿಗೇ ಅರ್ಪಿಸಿದನು. ಸಭೆಗಳಲ್ಲಿ ಕುಳಿತು ಮನಸ್ಸು ಎಲ್ಲಿಯೋ ಇರುವಾಗ ಆತನ ಕೈಯು ತನಗರಿವಿಲ್ಲದೆಯೇ ಕಾಗದದ ಮೇಲೆ ಜೇಮ್ಸ್ ಬೊವೆಲ್ ಎಂಬ ಹೆಸರನ್ನು ಬರೆಯುತ್ತಿದ್ದಿತಂತೆ. ಗುರುನಾಮಸ್ಮರಣೆಯ ಮಹಿಮೆಯನ್ನು ಬಲ್ಲ ನಮ್ಮವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹೊವರ್ಡ್ ಅವರು ೧೮೮೯ರಲ್ಲಿ ತೀರಿಕೊಂಡಾಗ ಅವರ ಮಕ್ಕಳ ಯೋಗಕ್ಷೇಮವನ್ನು ಆಸ್ಲರರು ತಮ್ಮದೆಂದು ಭಾವಿಸಿದರು. ಆ ಮಕ್ಕಳಲ್ಲೊಬ್ಬನು ಮುಂದೆ ಆಸ್ಲರರ ಆಸ್ಪತ್ರೆಯಲ್ಲಿಯೇ ತರಬೇತಿ ಪಡೆದು ತಾನೂ ವೈದ್ಯಾಧ್ಯಾಪಕನಾದನು. ಗುರುವಿನಿಂದ ಪಡೆದುದನ್ನು ಗುರುಪುತ್ರನಿಗೆ ಸಲ್ಲಿಸಿದಂತಾಯಿತು.

ಪದವಿಯ ಬಳಿಕ ಆಸ್ಲರರು ಲಂಡನ್, ಬರ್ಲಿನ್, ವಿಯೆನ್ನಾ ನಗರಗಳಲ್ಲಿ ಎರಡು ವರ್ಷ ವ್ಯಾಸಂಗ ಮಾಡಿದರು. ಲಂಡನ್ನಿನಲ್ಲಿದ್ದಾಗ ೧೮೭೩ರಲ್ಲಿ ರಕ್ತದಲ್ಲಿಯ ಅತಿಸೂಕ್ಷ್ಮ ಫಲಕಗಳನ್ನು, ಅಂದರೆ ಇಂದು ಪ್ಲೇಟ್‌ಲೆಟ್ ಎಂದು ಕರೆಯುವ ಕಣಗಳನ್ನು, ಸೂಕ್ಷ್ಮದರ್ಶಕದಲ್ಲಿ ಗಮನಿಸಿ ವರ್ಣಿಸಿದರು. ೧೮೭೪ರಲ್ಲಿ ಮೆಕ್‌ಗಿಲ್‌ಗೆ ಹಿಂದಿರುಗಿ ಉಪನ್ಯಾಸಕರಾದರು. ಮರುವರ್ಷವೇ ಅಧ್ಯಾಪಕಪದವಿ ದೊರೆಯಿತು. ಆಗ ಅವರ ವಯಸ್ಸು ಇಪ್ಪತ್ತಾರು. ಮಾಂಟ್ರಿಯಲ್ ಆಸ್ಪತ್ರೆಯ ಸಿಡುಬಿನ ವಾರ್ಡಿಗೆ ಹೋಗಲು ಎಲ್ಲರೂ ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಆ ಕೆಲಸವನ್ನು ವಹಿಸಿಕೊಂಡರು, ತಾವೂ ಸಿಡುಬಿಗೆ ತುತ್ತಾಗಿ ಗುಣ ಹೊಂದಿದರು. ಆ ಸೇವೆಗೆ ಬಂದ ಸಂಭಾವನೆಯನ್ನು ಏನು ಮಾಡಿದರು? ವಿದ್ಯಾರ್ಥಿಗಳಿಗಾಗಿ ಸೂಕ್ಷ್ಮದರ್ಶಕ ಯಂತ್ರಗಳನ್ನು ಕೊಂಡರು. ಪ್ರಾಣವನ್ನು ಒತ್ತೆಯಿಟ್ಟು ಗಳಿಸಿದ ಹಣವು ಹೀಗೆ ಶಿಷ್ಯರ ಕಣ್ಣಿಗೆ ಬೆಳಕಾಯಿತು. ದಾಸೋಹವೆಂಬುದು ನಮ್ಮ ಮಾತು. ಅದರ ಭಾವವು ಎಲ್ಲ ದೇಶಗಳಲ್ಲಿಯೂ ಉಂಟು.

ಮಾಂಟ್ರಿಯಲ್‌ನಲ್ಲಿ ಅವರು ನೂರಾರು ಶವಪರೀಕ್ಷೆಗಳನ್ನು ತಮ್ಮ ಕೈಯಿಂದಲೇ ಮಾಡಿದರು. ಜೀವಿತಕಾಲದಲ್ಲಿ ರೋಗಿಯ ಹಾಸಿಗೆಯ ಬಳಿ ನಿಂತು ಊಹಿಸಿದುದು ಸರಿಯೋ ತಪ್ಪೋ ಎಂಬುದನ್ನು ಮೃತದೇಹವು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ. ಆ ಸತ್ಯವನ್ನು ಅವರು ಶಿಷ್ಯರಿಂದ ಬಚ್ಚಿಡಲಿಲ್ಲ. ತಮ್ಮ ನಿದಾನವು ತಪ್ಪಿದ ಕಡೆಗಳಲ್ಲಿ ಶಿಷ್ಯರನ್ನು ಹತ್ತಿರ ಕರೆದು ತಪ್ಪಿದ್ದು ಎಲ್ಲಿ ಎಂಬುದನ್ನು ತೋರಿಸುತ್ತಿದ್ದರು. ಮಲೇರಿಯ ಜ್ವರದ ವಿಷಯದಲ್ಲಿಯೂ ಹೀಗೆಯೇ ಆಯಿತು. ಆ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಫ್ರಾನ್ಸ್ ದೇಶದ ಲವೆರಾನ್ ೧೮೮೦ರಲ್ಲಿ ಕಂಡುಹಿಡಿದಾಗ ಆಸ್ಲರರು ಮೊದಲು ನಂಬಲಿಲ್ಲ. ಬಳಿಕ ೧೮೮೬ರ ಸುಮಾರಿಗೆ ತಾವೇ ರೋಗಿಗಳ ರಕ್ತವನ್ನು ಒಂದೊಂದಾಗಿ ಪರೀಕ್ಷಿಸಿ, ಲವೆರಾನ್ ಹೇಳಿದ್ದೇ ನಿಜವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಗುರುವು ತನ್ನ ತಪ್ಪನ್ನು ಒಪ್ಪಿಕೊಂಡರೆ ಆತನ ಗೌರವಕ್ಕೆ ಕುಂದು ಬರುವುದೆಂದು ತಿಳಿಯುವವರು ಬಹಳ. ವೈದ್ಯವೃತ್ತಿಯಲ್ಲಿ ಮಾತ್ರ ಅದರ ವಿಪರೀತವೇ ಸತ್ಯ. ಗುರುವು ತಪ್ಪನ್ನು ಮುಚ್ಚಿದರೆ ಶಿಷ್ಯನೂ ಮುಚ್ಚಲು ಕಲಿಯುತ್ತಾನೆ. ಮುಚ್ಚಿದ ತಪ್ಪಿನ ಬೆಲೆಯನ್ನು ಮುಂದಿನ ರೋಗಿಯು ತೆರಬೇಕಾಗುತ್ತದೆ.

೧೮೮೪ರಲ್ಲಿ ಆಸ್ಲರರು ಅಮೇರಿಕಾದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಐದು ವರ್ಷಗಳ ಬಳಿಕ ಆ ನಗರವನ್ನು ಬಿಡುವಾಗ ಪದವೀಧರರಿಗೆ ಮಾಡಿದ ಉಪನ್ಯಾಸದಲ್ಲಿ, ವೈದ್ಯನಿಗೆ ಎಲ್ಲಕ್ಕಿಂತ ಮಿಗಿಲಾಗಿ ಬೇಕಾದುದು ಸಮಚಿತ್ತವೆಂದು ಉಪದೇಶಿಸಿದರು. ಸುಖದುಃಖಗಳಲ್ಲಿ ಸಮನಾಗಿರುವುದೆಂದರೆ ಕಲ್ಲೆದೆಯಾಗುವುದಲ್ಲ. ರೋಗಿಯು ಗಾಬರಿಯಾದಾಗ ವೈದ್ಯನೂ ಗಾಬರಿಯಾಗದಂತೆ ತನ್ನನ್ನು ತಾನು ಹಿಡಿದಿಟ್ಟುಕೊಳ್ಳುವುದು. ಈ ಸಮಚಿತ್ತಕ್ಕೆ ತಮ್ಮ ಬಾಳಿನಲ್ಲಿಯೇ ಎಂತಹ ಪರೀಕ್ಷೆ ಕಾದಿದೆಯೆಂಬುದು ಆಗ ಅವರಿಗೆ ತಿಳಿದಿರಲಿಲ್ಲ.

ಅಮೇರಿಕಾದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಎಂಬ ವರ್ತಕನು ೧೮೭೩ರಲ್ಲಿ ತೀರಿಕೊಳ್ಳುವಾಗ ತನ್ನ ಸಂಪತ್ತಿನ ಬಹುಭಾಗವನ್ನು ಒಂದು ವಿಶ್ವವಿದ್ಯಾಲಯಕ್ಕೂ ಒಂದು ಆಸ್ಪತ್ರೆಗೂ ಬಿಟ್ಟುಹೋಗಿದ್ದನು. ಆ ಆಸ್ಪತ್ರೆಯು ೧೮೮೯ರ ಮೇ ತಿಂಗಳಲ್ಲಿ ತೆರೆಯಿತು. ಆಸ್ಲರರು ಅದರ ಮೊದಲ ಮುಖ್ಯವೈದ್ಯರಾದರು. ವೆಲ್ಚ್, ಹಾಲ್‌ಸ್ಟೆಡ್, ಕೆಲ್ಲಿ ಎಂಬ ಮೂವರು ಸಮರ್ಥರು ಅವರ ಸಹೋದ್ಯೋಗಿಗಳು. ವೈದ್ಯಕಾಲೇಜನ್ನು ತೆರೆಯಲು ಹಣ ಸಾಲದೆ ಹೋದಾಗ ಮೇರಿ ಗ್ಯಾರೆಟ್ ಎಂಬ ಮಹಿಳೆಯು ದೊಡ್ಡ ಮೊತ್ತವನ್ನು ದಾನ ಮಾಡಿ, ಸ್ತ್ರೀಯರನ್ನೂ ಪುರುಷರಿಗೆ ಸರಿಸಮನಾಗಿ ಸೇರಿಸಿಕೊಳ್ಳಬೇಕೆಂಬ ಷರತ್ತನ್ನು ಹಾಕಿದಳು. ಹೀಗೆ ೧೮೯೩ರಲ್ಲಿ ಕಾಲೇಜು ಆರಂಭವಾಯಿತು. ಪ್ರವೇಶದ ನಿಯಮಗಳು ಎಷ್ಟು ಕಟ್ಟುನಿಟ್ಟಾಗಿದ್ದುವೆಂದರೆ, ನಾವು ಅಧ್ಯಾಪಕರಾಗಿ ಒಳಗೆ ಬಂದುದೇ ಒಳ್ಳೆಯದಾಯಿತು, ವಿದ್ಯಾರ್ಥಿಗಳಾಗಿ ಬರಲು ಸಾಧ್ಯವಿರಲಿಲ್ಲವೆಂದು ಆಸ್ಲರರು ವೆಲ್ಚರೊಡನೆ ವಿನೋದ ಮಾಡಿದ್ದರಂತೆ.

ಆ ಕಾಲದಲ್ಲಿ ಅಮೇರಿಕಾದ ವೈದ್ಯಶಿಕ್ಷಣವು ಹೇಗಿದ್ದಿತೆಂಬುದನ್ನು ತಿಳಿದರೆ ಆಸ್ಲರರು ಮಾಡಿದುದರ ಬೆಲೆ ತಿಳಿಯುವುದು. ಬಹುಪಾಲು ಶಾಲೆಗಳಲ್ಲಿ ವಿದ್ಯಾರ್ಥಿಗಳು ಬೆಂಚುಗಳ ಮೇಲೆ ಕುಳಿತು ಉಪನ್ಯಾಸಗಳನ್ನು ಕೇಳುತ್ತಿದ್ದರು; ರೋಗಿಯನ್ನು ನೋಡಿದರೂ ದೂರದಿಂದ, ನೂರು ತಲೆಗಳ ಹಿಂದಿನಿಂದ. ಒಬ್ಬ ರೋಗಿಯ ನಾಡಿಯನ್ನೂ ತನ್ನ ಹೊಣೆಯಿಂದ ಹಿಡಿದುನೋಡದೆ ವೈದ್ಯನೆಂಬ ಪದವಿಯನ್ನು ಪಡೆದು ಊರಿಗೆ ಹೋಗುವುದು ಸಾಧ್ಯವಿದ್ದಿತು. ಅಂತಹವನು ಕಲಿಯುತ್ತಿದ್ದುದು ಎಲ್ಲಿ? ಊರಿಗೆ ಹೋದ ಮೇಲೆ, ಹೇಳಿಕೊಡುವವರು ಯಾರೂ ಹತ್ತಿರವಿಲ್ಲದಾಗ, ಬಡವರ ಮೈಮೇಲೆ. ಈ ಅನ್ಯಾಯವನ್ನು ಆಸ್ಲರರು ಚೆನ್ನಾಗಿ ಕಂಡುಕೊಂಡಿದ್ದರು.

ಅವರು ಮಾಡಿದ ವ್ಯವಸ್ಥೆಯು ಹೀಗಿದ್ದಿತು. ಮೂರನೆಯ ವರ್ಷದ ವಿದ್ಯಾರ್ಥಿಗಳು ಹೊರರೋಗಿಗಳ ವಿಭಾಗದಲ್ಲಿ ರೋಗಿಯೊಡನೆ ಮಾತನಾಡಿ ಆತನ ರೋಗದ ವೃತ್ತಾಂತವನ್ನು ಬರೆದುಕೊಳ್ಳುವುದನ್ನೂ ಮೈಮುಟ್ಟಿ ಪರೀಕ್ಷಿಸುವುದನ್ನೂ ಕಲಿಯಬೇಕು. ನಾಲ್ಕನೆಯ ವರ್ಷದಲ್ಲಿ ಒಬ್ಬೊಬ್ಬನಿಗೆ ವಾರ್ಡಿನಲ್ಲಿ ಕೆಲವು ಹಾಸಿಗೆಗಳು ಗೊತ್ತಾಗುವುವು. ಆ ಹಾಸಿಗೆಗಳಲ್ಲಿ ಮಲಗಿದವರ ವೃತ್ತಾಂತ, ರಕ್ತಮೂತ್ರಗಳ ಪರೀಕ್ಷೆ, ದಿನದಿನದ ಬದಲಾವಣೆ ಎಲ್ಲವನ್ನೂ ಅವನೇ ಬರೆದಿಡಬೇಕು. ರೋಗಿಯು ಗುಣಹೊಂದಿ ಮನೆಗೆ ಹೋಗುವವರೆಗೆ ಅವನು ಅವರನ್ನು ಬಿಡುವಂತಿಲ್ಲ. ಮರಣ ಹೊಂದಿದರೆ ಶವಪರೀಕ್ಷೆಗೂ ಹಾಜರಿರಬೇಕು. ವಿದ್ಯಾರ್ಥಿಯು ಈಗ ವಾರ್ಡಿಗೆ ಬಂದ ಅತಿಥಿಯಲ್ಲ, ಅದರ ಕೆಲಸದವರಲ್ಲೊಬ್ಬನು. ಅವನ ಮೇಲೆ ಪದವಿ ಪಡೆದು ಆಸ್ಪತ್ರೆಯಲ್ಲಿಯೇ ವಾಸಿಸುವ ತರುಣ ವೈದ್ಯರು. ಅವರ ಮೇಲೆ ಹಲವು ವರ್ಷ ನೆಲೆನಿಂತ ಹಿರಿಯ ನಿವಾಸಿ ವೈದ್ಯನು. ಎಲ್ಲರ ಮೇಲೆ ಗುರುವು. ಮೆಟ್ಟಲು ಮೆಟ್ಟಲಾಗಿ ಭಾರವು ಏರುತ್ತ ಹೋಗುವುದು. ಪ್ರತಿಯೊಂದು ಮೆಟ್ಟಲಿನವನಿಗೂ ತನ್ನ ಕೆಳಗಿನವನಿಗೆ ಕಲಿಸುವ ಹೊಣೆಯೂ, ತನ್ನ ಮೇಲಿನವನನ್ನು ಕೇಳುವ ಹಕ್ಕೂ ಇರುವುದು. ಈ ಕ್ರಮವು ಇಂದಿಗೂ ಲೋಕದ ಎಲ್ಲ ಬೋಧಕ ಆಸ್ಪತ್ರೆಗಳಲ್ಲಿ ಒಂದಿಲ್ಲೊಂದು ರೂಪದಲ್ಲಿ ನಡೆದಿದೆ. ನಮ್ಮಲ್ಲಿಯ ಹೌಸ್ ಸರ್ಜನ್ನರೂ ಸ್ನಾತಕೋತ್ತರ ವಿದ್ಯಾರ್ಥಿಗಳೂ ನಿಂತಿರುವುದು ಇಂತಹ ಮೆಟ್ಟಲುಗಳ ಮೇಲೆಯೇ.

ಆದರೆ ಕ್ರಮವೊಂದರಿಂದಲೇ ಗುರುವಾಗುವುದಿಲ್ಲ. ಆ ಕ್ರಮದೊಳಗೆ ಗುರುವು ಹೇಗೆ ನಡೆದುಕೊಳ್ಳುವನೆಂಬುದು ಮುಖ್ಯ. ಬೆಳಿಗ್ಗೆ ಒಂಬತ್ತು ಗಂಟೆಗೆ ಆಸ್ಲರರು ವಾರ್ಡಿಗೆ ಬರುವರು. ತಡಮಾಡುವುದು ಅವರ ಜಾಯಮಾನದಲ್ಲಿರಲಿಲ್ಲ. ಹಿಂದೆ ನಿವಾಸಿ ವೈದ್ಯರು, ದಾದಿಯರು, ವಿದ್ಯಾರ್ಥಿಗಳು. ಹಾಸಿಗೆಯ ಬಳಿ ಬಂದೊಡನೆ ಅವರ ಮೊದಲ ಮಾತು ರೋಗಿಯೊಡನೆ. ಬಳಿಕ ಆ ಹಾಸಿಗೆಯ ಹೊಣೆಯನ್ನು ಹೊತ್ತ ವಿದ್ಯಾರ್ಥಿಯು ವೃತ್ತಾಂತವನ್ನು ಓದಬೇಕು. ಅವನು ಓದುವಾಗ ಗುರುಗಳು ಅವನ ಹೆಗಲಿನ ಮೇಲೆ ಕೈಯಿಟ್ಟು ನಿಲ್ಲುವುದುಂಟು. ಮೊದಲು ಕಣ್ಣಿನಿಂದ ನೋಡು, ಅನಂತರ ಕೈಯಿಂದ ಮುಟ್ಟು, ಆಮೇಲೆ ಕಿವಿಗೊಟ್ಟು ಕೇಳು ಎಂಬುದು ಅವರು ಹಾಕಿಕೊಟ್ಟ ಕಟ್ಟಳೆ. ಉತ್ತರವನ್ನು ತಾವೇ ಹೇಳಿಬಿಡುವ ಆತುರ ಅವರಿಗಿರಲಿಲ್ಲ. ಶಿಷ್ಯನ ಕಣ್ಣಿಗೇ ಅದು ಬೀಳುವಂತೆ ಪ್ರಶ್ನೆಗಳನ್ನು ಹಾಕುತ್ತ ಹೋಗುವರು. ತಿಳಿಯದಿದ್ದುದನ್ನು ತಿಳಿಯದೆಂದು ಹೇಳಿದವನಿಗೆ ಅವರಿಂದ ಭಯವಿರಲಿಲ್ಲ. ವಿನೋದವು ಅವರ ನಾಲಗೆಯ ತುದಿಯಲ್ಲಿದ್ದರೂ, ರೋಗಿಯ ಎದುರಿನಲ್ಲಿ ಶಿಷ್ಯನನ್ನು ಹೀನಾಯವಾಗಿ ಮಾತನಾಡಿ ತಲೆತಗ್ಗಿಸುವುದನ್ನು ಅವರು ವಿದ್ಯೆಯೆಂದು ಎಣಿಸಲಿಲ್ಲ. ಅವಮಾನಗೊಂಡ ಶಿಷ್ಯನು ಮರುದಿನ ಸಂದೇಹ ಬಂದರೂ ಕೇಳುವುದಿಲ್ಲ. ಕೇಳದ ಸಂದೇಹವೇ ರಾತ್ರಿಯ ಹೊತ್ತಿನಲ್ಲಿ ರೋಗಿಯ ಪ್ರಾಣಕ್ಕೆ ಮುಳುವಾಗುವುದು.

ಕೆಲಸದ ಯಶಸ್ಸನ್ನು ಶಿಷ್ಯರೊಡನೆ ಹಂಚಿಕೊಳ್ಳುವುದರಲ್ಲಿಯೂ ಅವರದು ಧಾರಾಳ ಮನಸ್ಸು. ಅವರ ಕೈಕೆಳಗೆ ಹಲವು ವರ್ಷ ನಿವಾಸಿ ವೈದ್ಯರಾಗಿದ್ದ ಥೇಯರ್, ಮುಂದೆ ಅದೇ ಸಂಸ್ಥೆಯಲ್ಲಿ ಪ್ರಖ್ಯಾತ ಅಧ್ಯಾಪಕರಾದರು. ಥಾಮಸ್ ಮೆಕ್ರೇ ಗುರುಗಳ ಗ್ರಂಥವನ್ನು ಅವರ ಬಳಿಕವೂ ಪರಿಷ್ಕರಿಸಿ ಉಳಿಸಿದರು. ೧೮೯೦ರ ದಶಕದ ಕೊನೆಯಲ್ಲಿ ಕ್ಷಯರೋಗಿಗಳು ಆಸ್ಪತ್ರೆಯಿಂದ ಹೊರಗೆ ಹೋದ ಮೇಲೆ ಹೇಗಿರುತ್ತಾರೆಂಬುದನ್ನು ತಿಳಿಯಲು ಆಸ್ಲರರು ವಿದ್ಯಾರ್ಥಿನಿಯರನ್ನು ಆ ರೋಗಿಗಳ ಮನೆಗಳಿಗೇ ಕಳುಹಿಸುವ ಏರ್ಪಾಡು ಮಾಡಿದರು. ಅಡಿಲೇಡ್ ಡಚರ್ ಎಂಬ ವಿದ್ಯಾರ್ಥಿನಿಯು ಬಾಲ್ಟಿಮೋರಿನ ಬಡವರ ಓಣಿಗಳಲ್ಲಿ ಅಲೆದು, ಗಾಳಿಬೆಳಕಿಲ್ಲದ ಕೋಣೆಗಳಲ್ಲಿ ರೋಗವು ಒಬ್ಬರಿಂದೊಬ್ಬರಿಗೆ ಹೇಗೆ ಹಬ್ಬುವುದೆಂದು ಕಂಡು, ೧೯೦೦ರಲ್ಲಿ ಅದನ್ನು ತನ್ನ ಹೆಸರಿನಲ್ಲಿಯೇ ಪ್ರಕಟಿಸಿದಳು. ವಾರ್ಡಿನ ನಾಲ್ಕು ಗೋಡೆಗಳ ಹೊರಗೂ ರೋಗಿಗೆ ಒಂದು ಬಾಳು ಉಂಟೆಂಬುದನ್ನು ಶಿಷ್ಯರಿಗೆ ಕಲಿಸಿದ ಬಗೆಯಿದು.

ಮನೆಯಲ್ಲಿಯೂ ಅವರ ಗುರುತ್ವವು ಮುಂದುವರಿಯಿತು. ೧೮೯೨ರಲ್ಲಿ ಗ್ರೇಸ್ ರೆವೀರ್ ಗ್ರಾಸ್ ಎಂಬ ವಿಧವೆಯನ್ನು ವರಿಸಿ ಬಾಲ್ಟಿಮೋರಿನಲ್ಲಿ ಮನೆಮಾಡಿದರು. ನೆರೆಯ ಮನೆಯಲ್ಲಿ ವಾಸವಾಗಿದ್ದ ಕೆಲವು ತರುಣ ವೈದ್ಯರಿಗೆ ತಮ್ಮ ಮನೆಯ ಬಾಗಿಲ ಬೀಗದ ಕೈಯನ್ನೇ ಕೊಟ್ಟಿದ್ದರು. ಅವರು ಯಾವ ಹೊತ್ತಿನಲ್ಲಾದರೂ ಬಂದು ಪುಸ್ತಕ ಭಂಡಾರದಲ್ಲಿ ಕುಳಿತು ಓದಬಹುದು. ಮುಂದೆ ಮೆದುಳಿನ ಶಸ್ತ್ರಚಿಕಿತ್ಸೆಯಲ್ಲಿ ಲೋಕವಿಖ್ಯಾತರಾದ ಹಾರ್ವೆ ಕುಷಿಂಗ್ ಅವರಲ್ಲೊಬ್ಬರು. ಶನಿವಾರದ ರಾತ್ರಿ ವಾರ್ಡಿನ ವಿದ್ಯಾರ್ಥಿಗಳು ಮನೆಗೆ ಬರುವರು. ಊಟೋಪಚಾರವಾದ ಮೇಲೆ ಆ ವಾರದ ರೋಗಿಗಳ ವಿಚಾರ, ಸಂದೇಹಗಳು, ಹಳೆಯ ವೈದ್ಯಗ್ರಂಥಗಳ ಪರಿಚಯ. ಮಲಗುವ ಮೊದಲು ದಿನವೂ ಅರ್ಧಗಂಟೆ ವೈದ್ಯಕ್ಕೆ ಹೊರತಾದ ಸದ್ಗ್ರಂಥಗಳನ್ನು ಓದಬೇಕೆಂಬುದು ಶಿಷ್ಯರಿಗೆ ಅವರು ವಿಧಿಸಿದ ವ್ರತ. ಶರಣರ ಅನುಭವಗೋಷ್ಠಿಯಲ್ಲಿ ಹಿರಿಯರು ಕಿರಿಯರೆನ್ನದೆ ಎಲ್ಲರೂ ತಮ್ಮ ಅನುಭವವನ್ನು ನಿವೇದಿಸುತ್ತಿದ್ದುದನ್ನು ಬಲ್ಲವರಿಗೆ ಈ ಶನಿವಾರದ ಕೂಟಗಳು ಅಪರಿಚಿತವೆನಿಸಲಾರವು.

೧೮೯೨ರಲ್ಲಿಯೇ ಅವರ ವೈದ್ಯಶಾಸ್ತ್ರದ ತತ್ತ್ವ ಮತ್ತು ಪ್ರಯೋಗವೆಂಬ ಅರ್ಥದ ಹೆಸರುಳ್ಳ ಗ್ರಂಥವು ಹೊರಬಂದಿತು. ಅದು ಅನೇಕ ದಶಕಗಳ ಕಾಲ ವಿದ್ಯಾರ್ಥಿಗಳ ಕೈಪಿಡಿಯಾಗಿದ್ದಿತು. ಅದರ ವಿಶೇಷವೆಂದರೆ ಪ್ರಾಮಾಣಿಕತೆ. ಆ ಕಾಲದಲ್ಲಿ ವಾಡಿಕೆಯಲ್ಲಿದ್ದ ನಿಷ್ಪ್ರಯೋಜಕ ಔಷಧಗಳನ್ನು ಅವರು ಹೊಗಳಲಿಲ್ಲ. ಮದ್ದಿಲ್ಲದ ಕಡೆಯಲ್ಲಿ ಮದ್ದಿಲ್ಲವೆಂದೇ ಬರೆದರು. ೧೮೯೭ರಲ್ಲಿ ಧನಿಕ ರಾಕ್‌ಫೆಲ್ಲರನ ಸಲಹೆಗಾರ ಫ್ರೆಡರಿಕ್ ಗೇಟ್ಸ್ ಈ ಗ್ರಂಥವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇಷ್ಟೊಂದು ರೋಗಗಳಿಗೆ ಇನ್ನೂ ಚಿಕಿತ್ಸೆಯೇ ಗೊತ್ತಿಲ್ಲವೆಂದು ಬೆರಗಾದನು. ಆ ಬೆರಗಿನ ಫಲವಾಗಿ ೧೯೦೧ರಲ್ಲಿ ನ್ಯೂಯಾರ್ಕಿನಲ್ಲಿ ರಾಕ್‌ಫೆಲ್ಲರ್ ವೈದ್ಯಕೀಯ ಸಂಶೋಧನ ಸಂಸ್ಥೆಯು ಸ್ಥಾಪಿತವಾಯಿತು. ತಿಳಿಯದೆಂದು ಒಪ್ಪಿಕೊಂಡ ಒಂದು ಪುಸ್ತಕದಿಂದ ತಿಳಿವಿನ ದೊಡ್ಡ ಮನೆಯೊಂದು ಎದ್ದಿತು.

ಮಹಾಪುರುಷರ ಚರಿತ್ರೆಯನ್ನು ಬರೆಯುವವರು ಗುಣಗಳನ್ನು ಮಾತ್ರ ಬರೆದು ದೋಷಗಳನ್ನು ಬಿಡುವುದು ವಾಡಿಕೆ. ತಪ್ಪನ್ನು ಮುಚ್ಚಬಾರದೆಂದು ಕಲಿಸಿದವರ ಚರಿತ್ರೆಯಲ್ಲಿ ಹಾಗೆ ಮಾಡುವುದು ಅವರಿಗೇ ಅಪಚಾರ. ಅವರ ಆಸ್ಪತ್ರೆಯಲ್ಲಿ ಆಫ್ರಿಕಾ ಮೂಲದ ಜನರಿಗೆ ಪ್ರತ್ಯೇಕ ವಾರ್ಡುಗಳಿದ್ದುವು; ಕಾಲದ ಆ ಕಳಂಕವನ್ನು ಅವರು ಅಳಿಸಲಿಲ್ಲ. ೧೯೧೪ರಲ್ಲಿ ಭಾರತೀಯರನ್ನು ಹೊತ್ತ ಕೊಮಾಗಾಟಾ ಮಾರು ಎಂಬ ಹಡಗನ್ನು ಕೆನಡಾದ ತೀರದಲ್ಲಿ ತಡೆದು ನಿಲ್ಲಿಸಿದ್ದ ಸಮಯದಲ್ಲಿ, ಕೆನಡಾ ಬಿಳಿಯರ ದೇಶವಾಗಿಯೇ ಉಳಿಯಬೇಕೆಂಬ ಅರ್ಥದಲ್ಲಿ ಅವರು ಭಾಷಣ ಮಾಡಿದರು. ನಮ್ಮ ಜನರ ಮೇಲೆ ಬಿದ್ದ ಆ ಮಾತು ನಮಗೆ ನೋವಿನದೇ. ಕುಲದ ಹೆಸರಿನಲ್ಲಿ ಮಾನವರನ್ನು ಬೇರ್ಪಡಿಸಬಾರದೆಂದು ಎಂಟು ಶತಮಾನಗಳ ಹಿಂದೆಯೇ ಬಸವಣ್ಣನವರು ಸಾರಿದ ನಾಡಿನಲ್ಲಿ ನಿಂತು ನೋಡಿದರೆ, ಈ ಒಂದು ವಿಷಯದಲ್ಲಿ ಅವರ ಕಣ್ಣಿಗೆ ಪೊರೆಯಿದ್ದಿತೆಂದು ಹೇಳಲೇಬೇಕಾಗುತ್ತದೆ. ರೋಗಿಯ ಹಾಸಿಗೆಯ ಬಳಿ ತೋರಿದ ಸಮದೃಷ್ಟಿಯನ್ನು ಅವರು ಎಲ್ಲ ಕಡೆಗೂ ಒಯ್ಯಲಿಲ್ಲ. ಅವರಿಂದ ಕಲಿಯಬೇಕಾದುದನ್ನು ಕಲಿತು, ಬಿಡಬೇಕಾದುದನ್ನು ಬಿಡುವುದೇ ವಿವೇಕ.

ಅವರು ಕಟ್ಟಿದ ನಿವಾಸಿ ವೈದ್ಯರ ಪದ್ಧತಿಯಲ್ಲಿಯೂ ಒಂದು ಅಪಾಯ ಅಡಗಿದ್ದಿತು. ತರುಣ ವೈದ್ಯರು ಹಗಲಿರುಳೂ ಆಸ್ಪತ್ರೆಯಲ್ಲಿಯೇ ಇದ್ದುಕೊಂಡು, ನಿದ್ರೆಗೆಟ್ಟು ದುಡಿಯುವುದು ಬರುಬರುತ್ತ ಎಲ್ಲ ಕಡೆಯೂ ವಾಡಿಕೆಯಾಯಿತು. ಹಾಸಿಗೆಯ ಭಾರವನ್ನು ಶಿಷ್ಯನಿಗೆ ಒಪ್ಪಿಸುವ ಅರ್ಧಭಾಗವು ಉಳಿಯಿತು. ಬೆನ್ನ ಹಿಂದೆ ನಿಲ್ಲುವ ಅರ್ಧಭಾಗವು ಅನೇಕ ಕಡೆ ಸಡಿಲವಾಯಿತು. ೧೯೮೪ರಲ್ಲಿ ನ್ಯೂಯಾರ್ಕ್ ನಗರದ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷದ ತರುಣಿಯೊಬ್ಬಳು ದಾಖಲಾದ ಕೆಲವೇ ಗಂಟೆಗಳಲ್ಲಿ ಮರಣ ಹೊಂದಿದಳು. ಆಕೆಯನ್ನು ರಾತ್ರಿಯಲ್ಲಿ ನೋಡಿಕೊಂಡವರು ತರಬೇತಿಯಲ್ಲಿದ್ದ, ಬಹಳ ಹೊತ್ತಿನಿಂದ ದುಡಿಯುತ್ತಿದ್ದ ತರುಣ ವೈದ್ಯರು. ಹಿರಿಯ ವೈದ್ಯರು ಎದುರಿನಲ್ಲಿರಲಿಲ್ಲ. ಈ ಪ್ರಕರಣದ ಬಳಿಕ ನೇಮಿಸಲ್ಪಟ್ಟ ತಜ್ಞರ ಸಮಿತಿಯು ದುಡಿಮೆಯ ಹೊತ್ತನ್ನು ಕಡಿಮೆ ಮಾಡಬೇಕೆಂದೂ, ಅನುಭವಸ್ಥ ವೈದ್ಯರ ಮೇಲ್ವಿಚಾರಣೆಯು ಎಲ್ಲ ಹೊತ್ತಿನಲ್ಲಿಯೂ ದೊರೆಯಬೇಕೆಂದೂ ಹೇಳಿತು. ೧೯೮೯ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿಯೂ ೨೦೦೩ರಲ್ಲಿ ಅಮೇರಿಕಾದ ಎಲ್ಲೆಡೆಯೂ ವಾರಕ್ಕೆ ೮೦ ಗಂಟೆಗಳ ಮಿತಿಯು ಜಾರಿಗೆ ಬಂದಿತು. ದಣಿದ ಶಿಷ್ಯನಿಗೆ ವಿಶ್ರಾಂತಿ ಕೊಡುವುದು ಕರುಣೆಯಷ್ಟೇ ಅಲ್ಲ, ರೋಗಿಯ ರಕ್ಷಣೆಯೂ ಹೌದು. ಆದರೆ ಗಂಟೆಗಳನ್ನು ಎಣಿಸುವುದರಿಂದಲೇ ಎಲ್ಲವೂ ಆಗದು. ನಡುರಾತ್ರಿಯಲ್ಲಿ ಕರೆದರೆ ಬೇಸರಗೊಳ್ಳದೆ ಬರುವ ಹಿರಿಯರು ಇರಬೇಕು.

೧೯೦೫ರಲ್ಲಿ ಆಸ್ಲರರು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರಾಜಪೀಠದ ವೈದ್ಯಾಧ್ಯಾಪಕರಾಗಿ ಹೊರಟರು. ಬಾಲ್ಟಿಮೋರನ್ನು ಬಿಡುವಾಗ ಮಾಡಿದ ಭಾಷಣದಲ್ಲಿ, ಅರುವತ್ತು ದಾಟಿದವರಿಂದ ಪ್ರಯೋಜನವಿಲ್ಲವೆಂದು ಒಂದು ಹಳೆಯ ಕಾದಂಬರಿಯನ್ನು ನೆನೆದು ವಿನೋದವಾಗಿ ಆಡಿದ ಮಾತನ್ನು ವೃತ್ತಪತ್ರಿಕೆಗಳು ಹಿಡಿದು ದೊಡ್ಡ ಗದ್ದಲವನ್ನೆಬ್ಬಿಸಿದುವು. ಗುರುಪೀಠದಲ್ಲಿ ಕುಳಿತವನ ವಿನೋದವೂ ತೂಕವುಳ್ಳದ್ದೆಂಬ ಪಾಠವು ಅವರಿಗೆ ಹೀಗೆ ಲಭಿಸಿತು. ೧೯೧೧ರಲ್ಲಿ ಅವರಿಗೆ ಬ್ಯಾರೊನೆಟ್ ಎಂಬ ಬಿರುದು ಬಂದಿತು.

ಆಕ್ಸ್‌ಫರ್ಡಿನ ಕಾಲದ ಒಂದು ಸಂಗತಿಯನ್ನು ಹೇಳುವುದುಂಟು. ನಾಯಿಕೆಮ್ಮಿನಿಂದ ಸೊರಗಿ ಅನ್ನಾಹಾರಗಳನ್ನು ಬಿಟ್ಟಿದ್ದ ಒಬ್ಬ ಚಿಕ್ಕ ಹುಡುಗನನ್ನು ನೋಡಲು ಆಸ್ಲರರು ಬಂದರು. ವಿಶ್ವವಿದ್ಯಾಲಯದ ಸಮಾರಂಭಕ್ಕೆ ಹೊರಟವರಾದುದರಿಂದ ಮೈಮೇಲೆ ಕೆಂಪು ನಿಲುವಂಗಿಯಿದ್ದಿತು. ಹುಡುಗನು ಕಣ್ಣರಳಿಸಿ ನೋಡಿದನು. ಆಸ್ಲರರು ಪಕ್ಕದಲ್ಲಿ ಕುಳಿತು ಒಂದು ಪೀಚ್ ಹಣ್ಣಿನ ಸಿಪ್ಪೆಯನ್ನು ಸುಲಿದು, ತುಂಡುಮಾಡಿ, ಸಕ್ಕರೆ ಬೆರೆಸಿ, ಒಂದೊಂದೇ ತುಂಡನ್ನು ಬಾಯಿಗಿಟ್ಟರು. ಹುಡುಗನು ತಿಂದನು. ಮಗು ಉಳಿಯುವುದು ಕಷ್ಟವೆಂದು ತಂದೆಗೆ ಹೊರಗೆ ಹೇಳಿದ್ದರೂ, ಅಂದಿನಿಂದ ಸುಮಾರು ನಲವತ್ತು ದಿನ ಅದೇ ಕೆಂಪು ನಿಲುವಂಗಿಯನ್ನು ಧರಿಸಿಕೊಂಡೇ ಬಂದು ತಮ್ಮ ಕೈಯಿಂದ ಉಣಿಸಿದರು. ಹುಡುಗನು ಬದುಕಿದನು. ಇದನ್ನು ಕಂಡು ಬರೆದಿಟ್ಟವನು ಆ ಹುಡುಗನ ಅಣ್ಣ. ಅವನೂ ಮುಂದೆ ವೈದ್ಯನಾದನು. ಗುರುವು ಪಾಠ ಹೇಳುತ್ತಿರುವೆನೆಂದು ತಿಳಿಯದ ಹೊತ್ತಿನಲ್ಲಿಯೂ ನೋಡುವ ಕಣ್ಣುಗಳು ಕಲಿಯುತ್ತಲೇ ಇರುತ್ತವೆ.

ಆಸ್ಲರ್ ದಂಪತಿಗಳ ಮೊದಲ ಮಗು ಹುಟ್ಟಿದ ಕೆಲವು ದಿನಗಳಲ್ಲಿಯೇ ತೀರಿಕೊಂಡಿದ್ದಿತು. ೧೮೯೫ರಲ್ಲಿ ಹುಟ್ಟಿದ ರೆವೀರ್ ಎಂಬವನೊಬ್ಬನೇ ಮಗನು. ಮೊದಲನೆಯ ಮಹಾಯುದ್ಧದಲ್ಲಿ ಫಿರಂಗಿದಳದ ಅಧಿಕಾರಿಯಾಗಿದ್ದ ಆತನು ೧೯೧೭ರ ಆಗಸ್ಟ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಗಾಯಗೊಂಡನು. ಸುದ್ದಿಯನ್ನು ಕೇಳಿ ರಾತ್ರಿಯಲ್ಲಿಯೇ ಧಾವಿಸಿ ಬಂದವರು, ಒಂದು ಕಾಲದಲ್ಲಿ ಬಾಗಿಲ ಬೀಗದ ಕೈಯನ್ನು ಪಡೆದಿದ್ದ ಆ ಹಾರ್ವೆ ಕುಷಿಂಗ್. ಅವರೂ ಇತರ ಅಮೇರಿಕಾದ ಶಸ್ತ್ರವೈದ್ಯರೂ ಎಷ್ಟು ಶ್ರಮಿಸಿದರೂ ಇಪ್ಪತ್ತೊಂದು ವರ್ಷದ ಆ ತರುಣನು ಉಳಿಯಲಿಲ್ಲ. ತಂದೆಯು ಹತ್ತಿರವಿರಲಿಲ್ಲ, ತಂದೆಯ ಸ್ಥಾನದಲ್ಲಿ ಕುಷಿಂಗರು ನಿಂತು ಮಣ್ಣು ಮಾಡಿಸಿದರು. ಶಿಷ್ಯರಿಗೆ ತೆರೆದ ಮನೆಯ ಬಾಗಿಲು ಅಂದು ಹೀಗೆ ಋಣವನ್ನು ತೀರಿಸಿತು.

ಸಮಚಿತ್ತವನ್ನು ಬೋಧಿಸಿದವರಿಗೆ ಬಂದ ಪರೀಕ್ಷೆಯು ಇದೇ. ಹಗಲಿನಲ್ಲಿ ಅವರು ಎಂದಿನಂತೆ ಸೈನಿಕರ ಆಸ್ಪತ್ರೆಗಳಿಗೆ ಹೋಗಿ, ರೋಗಿಗಳನ್ನು ನಗಿಸುತ್ತಿದ್ದರು. ರಾತ್ರಿಯ ಏಕಾಂತದಲ್ಲಿ ಅಳುತ್ತಿದ್ದರೆಂದು ಹತ್ತಿರದವರು ಬಲ್ಲರು. ಆ ಶೋಕದಿಂದ ಅವರು ಚೇತರಿಸಲೇ ಇಲ್ಲ. ೧೯೧೯ರ ಶರತ್ಕಾಲದಲ್ಲಿ ಶ್ವಾಸಕೋಶದ ಉರಿಯೂತಕ್ಕೆ ತುತ್ತಾಗಿ, ತಮ್ಮ ರೋಗದ ಗತಿಯನ್ನು ವೈದ್ಯರ ಕಣ್ಣಿನಿಂದಲೇ ಗಮನಿಸುತ್ತ, ಡಿಸೆಂಬರ್ ೨೯ರಂದು ಎಪ್ಪತ್ತನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು. ಅವರು ಕೂಡಿಟ್ಟ ಏಳು ಸಾವಿರಕ್ಕೂ ಮಿಕ್ಕ ಗ್ರಂಥಗಳು ಅವರ ಇಚ್ಛೆಯಂತೆ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸಂದುವು. ಅವರ ಚಿತಾಭಸ್ಮವೂ ಆ ಗ್ರಂಥಗಳ ನಡುವೆಯೇ ಇದೆ. ಕುಷಿಂಗರು ಬರೆದ ಅವರ ಚರಿತ್ರೆಯು ೧೯೨೫ರಲ್ಲಿ ಪ್ರಕಟವಾಯಿತು.

ತಮ್ಮ ಸಮಾಧಿಯ ಮೇಲೆ ಏನನ್ನು ಬರೆಯಬೇಕೆಂಬುದನ್ನು ಅವರು ಒಮ್ಮೆ ಹೇಳಿದ್ದರು. ಕಂಡುಹಿಡಿದ ಸಂಗತಿಗಳನ್ನಾಗಲಿ ಬರೆದ ಗ್ರಂಥವನ್ನಾಗಲಿ ಅವರು ನೆನೆಯಲಿಲ್ಲ. ವಿದ್ಯಾರ್ಥಿಗಳಿಗೆ 'ವಾರ್ಡಿನಲ್ಲಿ' ಪಾಠ ಹೇಳಿದವನೆಂಬ ಅಷ್ಟೇ ಮಾತು ಸಾಕೆಂದು ಅವರ ಇಚ್ಛೆ. ತನ್ನ ಕಾಯಕ ಯಾವುದೆಂಬುದು ತಿಳಿದ ಮನುಷ್ಯನ ಇಚ್ಛೆಯಿದು.

ಸದ್ಭಕ್ತರೇ, ನಮ್ಮ ಆಸ್ಪತ್ರೆಗಳಲ್ಲಿ ಬಿಳಿಯ ಅಂಗಿಯನ್ನು ತೊಟ್ಟ ತರುಣರು ನಿಮ್ಮ ಹಾಸಿಗೆಯ ಬಳಿಗೆ ಬಂದು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುವಾಗ ಬೇಸರಪಡಬೇಡಿರಿ; ಅವರು ನಿಮ್ಮಿಂದ ಕಲಿಯುತ್ತಿದ್ದಾರೆ, ನಿಮ್ಮ ಮೊಮ್ಮಕ್ಕಳಿಗಾಗಿ ಕಲಿಯುತ್ತಿದ್ದಾರೆ. ಆದರೆ ಅವರ ಹಿಂದೆ ಹಿರಿಯರೊಬ್ಬರು ನಿಂತಿರುವರೇ ಎಂದು ಕೇಳುವ ಹಕ್ಕು ನಿಮಗುಂಟು. ಶ್ರೀಮಠದ ಶಿಷ್ಯವರ್ಗದಲ್ಲಿ ವೈದ್ಯರಾಗಿ ಇತರರಿಗೆ ಕಲಿಸುವ ಹೊಣೆಯನ್ನು ಹೊತ್ತವರೂ ಅನೇಕರಿದ್ದಾರೆ. ಅಂಗೈಯಲ್ಲಿ ಲಿಂಗವನ್ನಿತ್ತ ಗುರುವನ್ನು ಅವರು ದಿನವೂ ನೆನೆಯುತ್ತಾರೆ. ಶಿಷ್ಯನ ಕೈಗೆ ರೋಗಿಯ ಕೈಯನ್ನು ಕೊಡುವಾಗಲೂ ಆ ನೆನಪು ಅವರಲ್ಲಿರಲಿ. ಗುರುಕರುಣೆಯಿಂದ ಅವರ ಕಾಯಕವು ಸಫಲವಾಗಲಿ.